ದೆವ್ವಕ್ಕೂ ಒಂದು ಕಾಯ್ದೆ ಇರ್ಬೇಕ್ರಿ

ದೆವ್ವ, ನಾಗಿಣಿ, ಟೈಮ್ ಟ್ರಾವೆಲ್, ಏಲಿಯನ್ ಅಂದ್ರ ನಾ ಊಟ ಬಿಟ್ಟು ನೋಡಾವ, ಇದು ನಮ್ ಕಲಬುರಗಿ ದೋಸ್ತರಿಗೆಲ್ಲಾ ಗೊತ್ತದ. ಆದ್ರ ಎಲ್ಲಿ ಕುಂತ್ರೂ ಒಂದೇ ಮಾತು, "ಅದೆಲ್ಲಾ ಸುಳ್ಳೇ ಅಲ್ಲೇನೋ, ಸುಳ್ಳಿನ್ಯಾಗ ಲಾಜಿಕ್ ಯಾಕ ಹುಡುಕ್ತಿ?" ನಾ ಹೇಳೋದು ಉಲ್ಟಾ ಅದ. ಗಂಡ ಹೆಂಡ್ತಿ ಜಗಳದ ಸೀರಿಯಲ್‌ನ್ಯಾಗ ಜರಾ ಲಾಜಿಕ್ ತಪ್ಪಿದ್ರೂ ನಡೀತದ, ಯಾಕಂದ್ರ ಗಂಡ ಹೆಂಡ್ತಿ ಹ್ಯಾಂಗಿರ್ತಾರ ಅಂತ ನಮಗ ಮೊದ್ಲೇ ಗೊತ್ತದ. ದೆವ್ವ ಹ್ಯಾಂಗಿರ್ತದ ಅಂತ ಯಾರಿಗಿ ಗೊತ್ತದ? ಅದನ್ನ ಕಥಿ ಬರ್ಯಾವನೇ ಹೇಳ್ಬೇಕು, ಹೇಳಿದ ಮ್ಯಾಲ ಆ ಮಾತಿಗಿ ನಿಂದ್ರಬೇಕು.

ಬೇತಾಳನ್ನ ನೋಡ್ರಿ. 1985ರಾಗ ರಮಾನಂದ ಸಾಗರ್ ದೂರದರ್ಶನಕ್ಕ ಮಾಡಿದ ವಿಕ್ರಮ್ ಔರ್ ಬೇತಾಳ್, ಅರುಣ್ ಗೋವಿಲ್ ರಾಜ. ಈಗ ಯೂಟ್ಯೂಬ್‌ನ್ಯಾಗ ನೋಡಿದ್ರ ಗ್ರಾಫಿಕ್ಸ್‌ಗಿ ನಗು ಬರ್ತದ, ಆದ್ರ ಕಾಯ್ದೆ ಎಷ್ಟು ಗಟ್ಟಿ ಅದ! ರಾಜ ಬಾಯಿ ಬಿಟ್ರ ಬೇತಾಳ ಹಾರಿ ಹೋಗಿ ಮತ್ತ ಗಿಡಕ್ಕ ಜೋತು ಬೀಳ್ತದ, ಉತ್ತರ ಗೊತ್ತಿದ್ದೂ ಬಾಯಿ ಬಿಡ್ಲಿಲ್ಲಂದ್ರ ರಾಜನ ತಲಿ ಹೋಳಾಗ್ತದ. ಎರಡೇ ಮಾತು. ಚಂದಮಾಮದಾಗ ಓದಿದವ್ರಿಗೂ ಇದು ಬಾಯಿಪಾಠ. ಆ ಎರಡು ಮಾತಿನ ಮ್ಯಾಲ ಎಷ್ಟು ಕಥಿ ಬೇಕಾದ್ರೂ ನಿಂದ್ರತದ.

ಈಗಿನ ನಮ್ ಸೀರಿಯಲ್‌ಗಳಿಗಿ ಬರ್ರಿ. 2016ರಾಗ ದೀಪಿಕಾ ದಾಸ್ ಮಾಡಿದ ನಾಗಿಣಿ ಬಂದಾಗ ನಮ್ ಮನ್ಯಾಗ ಆ ಟೈಮಿಗಿ ಯಾರೂ ಮಾತಾಡಂಗಿರ್ಲಿಲ್ಲ, ನಾನೂ ನೋಡೀನಿ, ಖುಷಿಲಿಂದೇ ನೋಡೀನಿ. ಆಮ್ಯಾಲ ಆ ಭಾಷಿ ಈ ಭಾಷಿ ಅನ್ನದೆ ಹಾವು, ಮಾಟ, ಆತ್ಮ ಅಂತ ಎಷ್ಟು ಬಂದುವು ಲೆಕ್ಕಿಲ್ಲ. ಒಂದಿನ ಅಂಥಾದ್ದೇ ಯಾವ್ದೋ ನೋಡ್ಕೊಂತ ನಮ್ಮವ್ವ ಕೇಳಿದ್ಳು, "ಈಕಿಗಿ ಇಷ್ಟು ಶಕ್ತಿ ಅದ ಅಂದ್ರ ಅತ್ತಿ ಬೈದಾಗ ಅಡಗಿ ಮನ್ಯಾಗ ಕುಂತು ಯಾಕ ಅಳ್ತಾಳ?" ನನ್ನ ಪೂರಾ ವಾದ ಇದೇ ಅದ ನೋಡ್ರಿ, ನಮ್ಮವ್ವ ಒಂದೇ ಸಾಲಿನ್ಯಾಗ ಮುಗಿಸಿಬಿಟ್ಳು.

ಇದ್ರಾಗ ಬರ್ಯಾವ್ರದ್ದು ಅಷ್ಟೇ ತಪ್ಪು ಅನ್ನಂಗಿಲ್ಲ. ದಿನಾ ಒಂದು ಎಪಿಸೋಡ್ ಕೊಡ್ಬೇಕು, ವಾರಕ್ಕೊಮ್ಮೆ ಟಿಆರ್‌ಪಿ ಬರ್ತದ, ಅದು ಇಳೀತಂದ್ರ ಸತ್ತವ್ರೂ ಎದ್ದು ಬರ್ಬೇಕು, ಎಂದ್ ಮುಗಿತದ ಅಂತ ಗೊತ್ತಿಲ್ದ ಕಥಿಗಿ ಕಾಯ್ದೆ ಎಲ್ಲಿಂದ ತರ್ತಾರ? ಅಮೆರಿಕಾದವ್ರಿಗೂ ಇದೇ ಹಣೆಬರಹ ಇತ್ತು. ಲಾಸ್ಟ್ ಅನ್ನೋ ಅಲ್ಲಿನ ಸೀರಿಯಲ್ 2004ರಾಗ ಶುರು ಆಯ್ತು, ವಿಮಾನ ಬಿದ್ದ ದ್ವೀಪ, ಅಲ್ಲಿ ಹಿಮಕರಡಿ, ಕಪ್ಪು ಹೊಗಿ, ನೆಲದಾಗ ಬಾಗಿಲು. ಒಂದೊಂದು ಗುಟ್ಟೂ ಕಿರಾಣಿ ಅಂಗಡಿ ಉದ್ರಿ ಇದ್ದಂಗ, ತರ್ವಾಗ ಮಜಾ, ತೀರಸ್ವಾಗ ತ್ರಾಸ. 2007ರಾಗ ಚಾನೆಲ್‌ನವ್ರು 2010ಕ್ಕ ಮುಗಿಸೂಣು ಅಂತ ಒಪ್ಪಿದ ಮ್ಯಾಲೇ ಕಥಿ ಒಂದು ದಾರಿಗಿ ಬಂತು, ಆದ್ರ ಅಷ್ಟೊತ್ತಿಗಿ ಬಾಕಿ ಭಾಳ ಏರಿತ್ತು, ಕಡೀ ಎಪಿಸೋಡಿನ ಬಗ್ಗಿ ಜನ ಇನ್ನೂ ಜಗಳಾಡ್ತಾರ. ನಂಗ ಮಾತ್ರ ಅದು ಸೇರ್ಲಿಲ್ಲ.

1993ರಾಗ ಶುರುವಾದ ಎಕ್ಸ್ ಫೈಲ್ಸ್ ಅನ್ನೋ ಅಮೆರಿಕಾದ ಸೀರಿಯಲ್‌ನ್ಯಾಗೂ ಸರ್ಕಾರ ಏಲಿಯನ್ ಮುಚ್ಚಿಟ್ಟದ ಅನ್ನೋ ಉದ್ದನ ಕಥಿ ಈಗ ನೋಡಿದ್ರ ನಿದ್ದಿ ಬರ್ತದ. ಒಂದೇ ಎಪಿಸೋಡಿಗಿ ಮುಗಿಯೋ ಕಥಿಗಳು ಅದಾವಲ್ಲ, ಅವು ಇನ್ನೂ ತಾಜಾ. ಮೂರನೇ ಸೀಸನ್‌ನ್ಯಾಗ ಒಬ್ಬ ಮುದುಕ ಇನ್ಶೂರೆನ್ಸ್ ಏಜೆಂಟ್ ಬರ್ತಾನ, ಯಾರು ಹ್ಯಾಂಗ ಸಾಯ್ತಾರ ಅಂತ ಅವನಿಗಿ ಕಾಣ್ತದ, ಬ್ಯಾರೆ ಏನೂ ಕಾಣಂಗಿಲ್ಲ. ಅಷ್ಟೇ ಶಕ್ತಿ. ಇಂಥಾವ ಪಾಲಿಸಿ ಮಾರ್ಕೊಂತ ತಿರಗ್ಯಾಡ್ತಾನ! ಆ ಪಾತ್ರಕ್ಕ ಪೀಟರ್ ಬಾಯ್ಲ್‌ಗಿ ಎಮ್ಮಿ ಪ್ರಶಸ್ತಿ ಬಂತು, ಸುಮ್ಮ ಬರ್ಲಿಲ್ಲ.

ಆದ್ರ ಉದ್ರಿ ಪೂರಾ ತೀರಿಸಿದ್ದು ಅಂದ್ರ ಜರ್ಮನ್ರ ಡಾರ್ಕ್ ಅನ್ನೋ ಟೈಮ್ ಟ್ರಾವೆಲ್ ಸೀರಿಯಲ್. ಮೂರು ಸೀಸನ್, 26 ಎಪಿಸೋಡ್, 2020ರಾಗ ಬಾಗಿಲು ಹಾಕಿದ್ರು. ಗವಿಯೊಳಗ ಹೋದ್ರ 33 ವರ್ಷ ಹಿಂದ ಇಲ್ಲಾ ಮುಂದ, 2019, 1986, 1953. ತಾಯಿನೇ ಮಗಳ ಮಗಳು ಆಗೋ ಜಾಗಾ ಬಂದಾಗ ನಾ ಪಾಜ್ ಮಾಡಿ ನೋಟ್‌ಬುಕ್‌ನ್ಯಾಗ ವಂಶಾವಳಿ ಬರ್ದೀನಿ, ಮನ್ಯಾಗಿನವ್ರು ಹುಡುಗ ಯಾವ್ದೋ ಎಕ್ಸಾಮಿಗಿ ಓದಾಕತ್ತಾನ ಅನ್ಕೊಂಡ್ರು.

ಅದನ್ನ ನೋಡಿದಾಗ್ಲಿಂದ ಬೀದರ್‌ನ ನೌಬಾದ್ ಕರೇಜ್ ತಲಿ ಒಳಗ ಕುಂತದ. ಬಹಮನಿ ಕಾಲದ ನೀರಿನ ಸುರಂಗ, ಇರಾನ್ ಕಡಿ ವಿದ್ಯಾ, ನೆಲದ ಮ್ಯಾಲಿಂದ ಗಾಳಿಗಂತ ಸಾಲಾಗಿ ಬಾವಿ ತೋಡ್ಯಾರ. ಇದಕ್ಕಿಂತ ಛಲೋ ಲೊಕೇಶನ್ ಯಾವ ದೇಶದಾಗ ಸಿಗ್ತದ ಹೇಳ್ರಿ? 2019ರಾಗ ಒಂದು ಹುಡುಗಿ ಒಳಗ ಇಳಿದು 1953ರಾಗ ಎದ್ದು ಬಂದ್ಳು ಅನ್ರಿ, ಆಕಿ ಈಗ ಕರ್ನಾಟಕದಾಗೇ ಇಲ್ಲ! ಬೀದರ್ ಇನ್ನೂ ಹೈದರಾಬಾದ್ ರಾಜ್ಯದಾಗ ಅದ, ಬಜಾರಿನ್ಯಾಗ ನಿಜಾಮರ ಹಾಲಿ ಸಿಕ್ಕಾ ರೂಪಾಯಿ ನಡೀತದ, ಹೊಲದ ಕಾಗದ ಉರ್ದುದಾಗ ಅದಾವ, ಫೋನ್ ಪೇ ಹುಡುಗಿ ಏನ್ ಮಾಡ್ಬೇಕು? ಗ್ರಾಫಿಕ್ಸ್ ಖರ್ಚೂ ಇಲ್ಲ. ಯಾರರ ಪ್ರೊಡ್ಯೂಸರ್ ಓದಾಕತ್ತಿದ್ರ ಕಥಿ ಫುಕಟ್ ಕೊಡ್ತೀನಿ, ಷರತ್ತು ಒಂದೇ, 26 ಎಪಿಸೋಡಿನ ಮ್ಯಾಲ ಒಂದೂ ಬ್ಯಾಡ. ಅತ್ತಿ ಸೊಸಿ ಜಗಳ ಇಲ್ದ ಟಿಆರ್‌ಪಿ ಬರಂಗಿಲ್ಲ ಅಂತೀರೇನು? ಹಾಕ್ರಿ, ಅತ್ತಿ 1953ದಾಕಿ ಇರ್ಲಿ, ಸೊಸಿ 2019ದಾಕಿ, ನಾನೂ ನಮ್ಮವ್ವನೂ ಇಬ್ರೂ ಕುಂತು ನೋಡ್ತೀವಿ.