ಬೇಲೂರಿನವನ ಲೆಕ್ಕ

ಹಾಸನಕ್ಕೆ ರಾಜಕೀಯ, ಚಿಕ್ಕಮಗಳೂರಿಗೆ ಕಾಫಿ ಅಂತ, ಎರಡು ಜಿಲ್ಲೆಗಳನ್ನು ಹೋಲಿಸಿದ ನಿಮ್ಮ ಲೇಖನದಲ್ಲಿ ಎರಡೇ ಮಾತಿಗೆ ಪಾಲು ಮಾಡಿಬಿಟ್ಟಿದ್ದೀರಿ. ಹಾಗಾದರೆ ನಮ್ಮ ಹಾಸನ ಜಿಲ್ಲೆಯ ಸಕಲೇಶಪುರದ ಕಾಫಿ ತೋಟಗಳನ್ನು ಎಲ್ಲಿಗೆ ಸೇರಿಸುತ್ತೀರಿ ಸಾರ್? 1978ರಲ್ಲಿ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳಿಸಿದ್ದು ಚಿಕ್ಕಮಗಳೂರೇ ಅಲ್ವಾ? 1996ರಲ್ಲಿ ದೇವೇಗೌಡರು ಪ್ರಧಾನಿಯಾದ ಮೇಲೆ ನಮ್ಮ ಜಿಲ್ಲೆಯವರು ಮೀಸೆ ತಿರುವುವುದು ಸ್ವಲ್ಪ ಜಾಸ್ತಿಯಾಯಿತು, ಒಪ್ಪುತ್ತೇನೆ.

ನಾನು ಬೇಲೂರಿನವನು. ಡಿಸಿ ಆಫೀಸಿನ ಕೆಲಸಕ್ಕೆ ಹಾಸನದ ಬಸ್ಸು, ಹಬ್ಬದ ಬಟ್ಟೆಗೆ ಚಿಕ್ಕಮಗಳೂರಿನ ಬಸ್ಸು. ಅದೇ ಹತ್ತಿರ, ಸುಮಾರು 25 ಕಿಲೋಮೀಟರ್. ಹೆಂಡತಿಯ ತವರು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆ. ಅಲ್ಲಿ ಊಟಕ್ಕೆ ಕೂತರೆ ಸಾಕು, ಬಾಮೈದ ಶುರು ಹಚ್ಚುತ್ತಾನೆ. "ಭಾವ, ಹೇಮಾವತಿ ಹುಟ್ಟೋದು ನಮ್ಮ ತಾಲ್ಲೂಕಲ್ಲಿ, ಅಣೆಕಟ್ಟು ಮಾತ್ರ ನಿಮ್ಮ ಗೊರೂರಲ್ಲಿ. ಹೊಯ್ಸಳರೂ ನಮ್ಮ ಅಂಗಡಿ ಅನ್ನೋ ಊರಿನವರೇ, ದೇವಸ್ಥಾನ ನೋಡಿದ್ರೆ ನಿಮ್ಮಲ್ಲಿ!"

2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೋ ಪಟ್ಟಿಗೆ ಸೇರಿದಾಗ ಸುಮ್ನೆ ಫೋನ್ ಮಾಡಿ ರೇಗಿಸಿದೆ. "ಕಟ್ಟಿಸಿದ್ದು ನಮ್ಮ ಹುಡುಗರೇ ಅಲ್ವಾ ಭಾವ" ಅಂದ. ನಮ್ಮೂರ ಯಗಚಿ ಹೊಳೆಯ ನೀರೂ ಅವರ ಬಾಬಾಬುಡನ್‌ಗಿರಿ ಕಡೆಯಿಂದಲೇ ಬರುವುದು. ಅದನ್ನು ಅವನಿಗೆ ಇನ್ನೂ ಯಾರೂ ಹೇಳಿಲ್ಲ. ನಾನಂತೂ ಹೇಳುವುದಿಲ್ಲ.