ಬೋನಸ್ ಆಸೆಗೆ ಬ್ಯಾಂಕಿಗೆ 90 ದಿನ ಬಿಟ್ಟಿ ಗುಮಾಸ್ತಿಕೆ

ಇವತ್ತು 91ನೇ ದಿನ. ಬೋನಸ್ ಬಂದಿಲ್ಲ. ಬರುವುದೂ ಇಲ್ಲವಂತೆ.

ಊಹೆ ಮಾಡಿ ಹೇಳುತ್ತಿಲ್ಲ, ಬ್ಯಾಂಕಿನವರ ಬಾಯಿಂದಲೇ ಕೇಳಿದ್ದು. ಆ ಮಾತು ಕೇಳುವುದಕ್ಕೆ ಮೊದಲು 40 ನಿಮಿಷ ಫೋನ್ ಕಿವಿಗೆ ಒತ್ತಿಕೊಂಡು ಒಂದೇ ಸಂಗೀತ ಕೇಳಿದ್ದೇನೆ. ನಡುನಡುವೆ ಒಂದು ದನಿ, "ನಿಮ್ಮ ಕರೆ ನಮಗೆ ಅಮೂಲ್ಯ" ಅನ್ನುತ್ತಿತ್ತು. ಅಷ್ಟು ಅಮೂಲ್ಯವಾಗಿದ್ದರೆ ಎತ್ತಬಾರದೇನಪ್ಪಾ? ಕೊನೆಗೆ ಒಬ್ಬ ಹುಡುಗ ಎತ್ತಿದ. ಪಾಪ, ಒಳ್ಳೆಯ ಹುಡುಗ, ಅವನ ಮೇಲೆ ಸಿಟ್ಟಿಲ್ಲ. "ಮೇಡಂ, ನೀವು ಷರತ್ತು ಪೂರೈಸಿಲ್ಲ" ಅಂದ. ನನ್ನ ತಲೆ ಗಿರ್ರೆಂದಿತು.

ಮೊದಲಿಂದ ಹೇಳುತ್ತೇನೆ. ನಮ್ಮ ಮನೆಯ ಲೆಕ್ಕ ನೋಡಿಕೊಳ್ಳುವವಳು ನಾನು. ಯಾವ ಬಿಲ್ ಯಾವತ್ತು ಬರುತ್ತದೆ, ಯಾವ ಖಾತೆಯಿಂದ ಹೋಗುತ್ತದೆ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿದೆ. ಮೂರು ತಿಂಗಳ ಹಿಂದೆ ಹೊಸ ಬ್ಯಾಂಕೊಂದು ಆಫರ್ ಬಿಟ್ಟಿತು. ಖಾತೆ ತೆರೆದರೆ ಸ್ವಾಗತ ಬೋನಸ್. ಸಣ್ಣ ಮೊತ್ತವೇನಲ್ಲ, ನಮ್ಮ ಎರಡು ತಿಂಗಳ ಕರೆಂಟ್ ಬಿಲ್‌ನಷ್ಟು. ಮನೆ ನಡೆಸುವವರಿಗೆ ಗೊತ್ತು, ಎರಡು ತಿಂಗಳ ಕರೆಂಟ್ ಬಿಲ್ ಅಂದರೆ ಏನು ಅಂತ.

ಷರತ್ತು ಮೂರು. ತಿಂಗಳಿಗೆ ಇಂತಿಷ್ಟು ಹಣ ಖಾತೆಗೆ ಜಮಾ ಆಗಬೇಕು. ಕನಿಷ್ಠ ಬ್ಯಾಲೆನ್ಸ್ ಇರಬೇಕು. ಎರಡು ಬಿಲ್ ಆಟೋ ಡೆಬಿಟ್‌ನಲ್ಲಿ ಹೋಗಬೇಕು. ಇಷ್ಟೂ 90 ದಿನದ ಒಳಗೆ. ಇದರಲ್ಲೇನಿದೆ ಕಷ್ಟ ಅಂದುಕೊಂಡೆ. ಸಂಬಳ ತಿರುಗಿಸಿದೆ. ಹಣ ಇಟ್ಟೆ. ಕರೆಂಟ್ ಬಿಲ್ಲು, ಫೋನ್ ಬಿಲ್ಲು ಎರಡನ್ನೂ ಹೊಸ ಖಾತೆಗೆ ಕಟ್ಟಿದೆ. ಫೋನಿನಲ್ಲಿ ಅಲಾರಂ ಬೇರೆ.

ಈಗ ಆ ಹುಡುಗ ಹೇಳಿದ್ದು ಕೇಳಿ. ಕರೆಂಟ್ ಬಿಲ್ ಲೆಕ್ಕಕ್ಕೆ ಬಂದಿದೆಯಂತೆ, ಫೋನ್ ಬಿಲ್ ಬಂದಿಲ್ಲವಂತೆ. ಯಾಕೆ? ಫೋನ್ ಕಂಪನಿ ಹಣ ತೆಗೆದುಕೊಂಡದ್ದು ನನ್ನ ಕಾರ್ಡಿನಿಂದ, ಖಾತೆಯಿಂದ ನೇರವಾಗಿ ಅಲ್ಲ. ಕಾರ್ಡ್ ಯಾವ ಖಾತೆಯದು? ಇದೇ ಖಾತೆಯದು! ಹಣ ಹೋದದ್ದು ಎಲ್ಲಿಂದ? ಇದೇ ಖಾತೆಯಿಂದ! ತಿಂಗಳು ತಿಂಗಳು ತನ್ನಷ್ಟಕ್ಕೆ ಹೋಗಿದೆ, ನಾನು ಬೆರಳೂ ಮುಟ್ಟಿಸಿಲ್ಲ. ಆದರೂ ಅದು "ಕಾರ್ಡ್ ಪಾವತಿ" ಅಂತೆ, ಆಟೋ ಡೆಬಿಟ್ ಅಲ್ಲವಂತೆ. ಷರತ್ತುಗಳ ಕೊನೇ ಪುಟದಲ್ಲಿ ಬರೆದಿದೆಯಂತೆ. ಹೋಗಿ ನೋಡಿದೆ. ಬರೆದಿದೆ, ಹೌದು. ಇರುವೆ ಸಾಲಿನಂಥ ಅಕ್ಷರದಲ್ಲಿ.

ಎರಡೂ ಬೇರೆ ಬೇರೆ ದಾರಿ ಅನ್ನುವುದು ನಿಜವೇ, ಒಪ್ಪುತ್ತೇನೆ. ಖಾತೆಯಿಂದ ನೇರ ಕಡಿತಕ್ಕೆ ನಾವು ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿರುತ್ತೇವೆ. ಕಾರ್ಡಾದರೆ ನಾವು ಒಮ್ಮೆ ಕೊಟ್ಟ ಒಪ್ಪಿಗೆಯ ಮೇಲೆ ಕಂಪನಿ ಕಾರ್ಡಿನ ಮೂಲಕ ಪ್ರತಿ ತಿಂಗಳು ಎಳೆಯುತ್ತದೆ. ಆದರೆ ನನ್ನ ಕಣ್ಣಿಗೆ ಎರಡೂ ಒಂದೇ, ಖಾತೆಯಿಂದ ಹಣ ಹೋದದ್ದು. ಬ್ಯಾಂಕಿಗೆ ಮೊದಲ ತಿಂಗಳೇ ಗೊತ್ತಿತ್ತು ಇದು ಲೆಕ್ಕಕ್ಕೆ ಬರಲ್ಲ ಅಂತ. ಹಬ್ಬದ ಶುಭಾಶಯ, ಸಾಲ ಬೇಕೇ, ವಿಮೆ ಬೇಕೇ ಅಂತ ದಿನಕ್ಕೆ ಎರಡು ಮೆಸೇಜ್ ಕಳಿಸುವವರಿಗೆ "ನಿಮ್ಮ ಎರಡನೇ ಬಿಲ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ" ಅಂತ ಒಂದು ಸಾಲು ಕಳಿಸಲು ಆಗಲಿಲ್ಲವೇ? ಆಗುತ್ತಿತ್ತು. ಕಳಿಸಿದರೆ ಬೋನಸ್ ಕೊಡಬೇಕಾಗುತ್ತಿತ್ತು, ಅಷ್ಟೇ.

ಗಾಯದ ಮೇಲೆ ಬರೆ ಬೇರೆ ಇದೆ. ಬಿಲ್ಲುಗಳನ್ನೆಲ್ಲ ಹೊಸ ಖಾತೆಗೆ ದಾಟಿಸುವ ಗಡಿಬಿಡಿಯಲ್ಲಿ ನೀರಿನ ಬಿಲ್ ಹಳೇ ಖಾತೆಯಲ್ಲೇ ಉಳಿದುಬಿಟ್ಟಿತ್ತು. ಅದು ವರ್ಷಕ್ಕೆ ನಾಲ್ಕೇ ಸಲ ಬರುವ ಬಿಲ್. ನನ್ನ ನೋಟ್‌ಬುಕ್ಕಿನಲ್ಲಿ ಆ ತಿಂಗಳ ಪುಟದಲ್ಲಿ ಇರಲೇ ಇಲ್ಲ. ನನ್ನ ತಪ್ಪೇ, ಇಲ್ಲ ಅನ್ನುವುದಿಲ್ಲ. ಹಳೇ ಖಾತೆಯಲ್ಲಿ ಸಾಕಷ್ಟು ಹಣ ಇರಲಿಲ್ಲ, ಕಡಿತ ವಾಪಸ್ ಹೋಯಿತು. ಹಳೇ ಬ್ಯಾಂಕು ವಾಪಸಾತಿಗೆ ಶುಲ್ಕ ಹಾಕಿತು. ನೀರಿನವರು ತಡವಾದದ್ದಕ್ಕೆ ದಂಡ ಹಾಕಿದರು. ಮಾರನೇ ವಾರ ಕನಿಷ್ಠ ಬ್ಯಾಲೆನ್ಸ್ ಇಲ್ಲ ಅಂತ ಹಳೇ ಬ್ಯಾಂಕು ಮತ್ತೊಂದು ಶುಲ್ಕ. ಕಡಿಮೆ ಇದೆ ಅಂತ ಇದ್ದದ್ದರಲ್ಲೂ ಕಿತ್ತುಕೊಂಡರೆ ಇನ್ನೂ ಕಡಿಮೆ ಆಗುವುದಿಲ್ಲವೇ? ಈ ತರ್ಕ ಕಂಡುಹಿಡಿದವನ ಕಾಲಿಗೆ ಬೀಳಬೇಕು.

ಒಂದು ತಪ್ಪು, ಮೂರು ದಂಡ. ದಂಡ ಹಾಕಲು ಯಾರೂ 90 ದಿನ ಕಾಯಲಿಲ್ಲ ನೋಡಿ. ಎರಡು ವಾರದೊಳಗೇ ಮೂರೂ ಬಿತ್ತು.

ಇನ್ನು ಬಡ್ಡಿ. ಬೋರ್ಡಿನಲ್ಲಿ ದೊಡ್ಡದಾಗಿ 6 ಪರ್ಸೆಂಟ್. ಕೆಳಗೆ ನಕ್ಷತ್ರ ಗುರುತು. (ನಾನು ಈಗ ಎಲ್ಲಿ ನಕ್ಷತ್ರ ಕಂಡರೂ ಮೈ ಉರಿಯುವವಳು. ಆಕಾಶದ್ದು ಬಿಟ್ಟು.) 6 ಪರ್ಸೆಂಟ್ ಇರುವುದು ಮೊದಲ 6 ತಿಂಗಳಿಗೆ, ಆಮೇಲೆ 2. ಹಾಗಾದರೆ ವರ್ಷಕ್ಕೆ ಬಿದ್ದದ್ದು 4. ಅದೂ ಒಂದು ಮಿತಿಯವರೆಗಿನ ಹಣಕ್ಕೆ ಮಾತ್ರ. ನಮ್ಮ ಉಳಿತಾಯ ಆ ಮಿತಿಯ ಎರಡರಷ್ಟಿತ್ತು. ಮಿಕ್ಕ ಅರ್ಧಕ್ಕೆ ಮೊದಲ ದಿನದಿಂದಲೇ 2. ಒಟ್ಟು ಹಾಕಿ ಭಾಗಿಸಿದರೆ ವರ್ಷಕ್ಕೆ ಸಿಗುವುದು 3 ಪರ್ಸೆಂಟ್. ಬೋರ್ಡಿನಲ್ಲಿದ್ದದ್ದರ ಅರ್ಧ! ಬೆಲೆಗಳು ಅದಕ್ಕಿಂತ ಜಾಸ್ತಿ ಏರಿದರೆ ನಮ್ಮ ಹಣ ಖಾತೆಯಲ್ಲಿ ಕೂತಲ್ಲೇ ಸವೆಯುತ್ತದೆ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ.

ಕ್ಯಾಶ್‌ಬ್ಯಾಕಿನ ಕಥೆಯೂ ಅಷ್ಟೇ. ಬಿಲ್ ಕಟ್ಟಿದರೆ 5 ಪರ್ಸೆಂಟ್ ವಾಪಸ್, ಆದರೆ ತಿಂಗಳಿಗೆ 50ಕ್ಕಿಂತ ಹೆಚ್ಚಿಲ್ಲ. ಅಂದರೆ 1,000 ಕಟ್ಟುವಷ್ಟರಲ್ಲಿ ಮುಗಿಯಿತು. 4,000 ಕಟ್ಟುವವರಿಗೂ ಅದೇ 50. ಆಗ 5 ಅಲ್ಲ, ಒಂದೂಕಾಲು ಪರ್ಸೆಂಟ್.

ಆದರೆ ನನ್ನ ನಿಜವಾದ ಸಂಕಟ ಕರೆಂಟ್ ಬಿಲ್ಲಿನದು. ಬ್ಯಾಂಕಾದರೂ ಆಸೆ ತೋರಿಸಿ ಮೋಸ ಮಾಡಿತು. ಕರೆಂಟಿನವರು ಅದನ್ನೂ ತೋರಿಸಲಿಲ್ಲ.

ಎರಡು ತಿಂಗಳು ಮೀಟರ್ ಓದಲು ಯಾರೂ ಬರಲಿಲ್ಲ. ಬಿಲ್ ಮಾತ್ರ ಬಂತು, "ಅಂದಾಜು" ಅಂತ ಒಂದು ಮೂಲೆಯಲ್ಲಿ ಬರೆದುಕೊಂಡು. ಎರಡು ತಿಂಗಳೂ 60, 60 ಯೂನಿಟ್. ನಾವು ಸುಮಾರು 100 ಯೂನಿಟ್ ಸುಡುವ ಮನೆ. ನಮ್ಮ ಯಜಮಾನರು ಬಿಲ್ ನೋಡಿ, "ಪರವಾಗಿಲ್ವೇ, ಕರೆಂಟ್ ಉಳಿಸ್ತಿದ್ದೀಯ!" ಅಂತ ನನ್ನ ಬೆನ್ನು ತಟ್ಟಿದರು. ನಾನು ಸುಮ್ಮನಿದ್ದೆ. ಹೊಗಳಿಕೆ ಅಪರೂಪ, ಯಾಕೆ ಬಿಡುವುದು? ಅಲ್ಲದೆ ಆಗ ನನ್ನ ಗಮನವೆಲ್ಲ ಬ್ಯಾಂಕಿನ 90 ದಿನದ ಮೇಲೆ.

ಮೂರನೇ ತಿಂಗಳು ಮೀಟರ್ ಓದಿದರು. ಮೂರು ತಿಂಗಳದ್ದು ಸೇರಿ ನಿಜವಾಗಿ ಖರ್ಚಾದದ್ದು 300. ಹಿಂದೆ ಹಾಕಿದ್ದು 120. ಉಳಿದ 180 ಯೂನಿಟನ್ನೂ ಒಂದೇ ತಿಂಗಳ ಬಿಲ್ಲಿಗೆ ತುರುಕಿದರು. ಇದರಲ್ಲಿ ತಪ್ಪೇನು ಅನ್ನುತ್ತೀರಾ? ಸ್ಲ್ಯಾಬ್ ನೋಡಿ. ನಮ್ಮ ದರದಲ್ಲಿ ತಿಂಗಳ ಮೊದಲ 100 ಯೂನಿಟ್‌ಗೆ ಒಂದು ರೇಟು, ಅದರ ಮೇಲಿನದಕ್ಕೆ ಅದರ ಎರಡರಷ್ಟು. ತಿಂಗಳಿಗೆ ನೂರರಂತೆ ಸರಿಯಾಗಿ ಓದಿದ್ದರೆ 300 ಯೂನಿಟ್ಟೂ ಕಡಿಮೆ ರೇಟಿನಲ್ಲೇ ಮುಗಿಯುತ್ತಿತ್ತು. ಈಗ 80 ಯೂನಿಟ್‌ಗೆ ಡಬಲ್ ರೇಟು. ಮೀಟರ್ ಓದದೇ ಇದ್ದದ್ದು ಅವರು. ದುಡ್ಡು ಕಟ್ಟುವುದು ನಾವು.

ಇದನ್ನು ಕಾಗದದ ಮೇಲೆ ಬರೆದು, ಕೂಡಿಸಿ, ಅಡಿಗೆರೆ ಎಳೆದು ಕಚೇರಿಗೆ ತೆಗೆದುಕೊಂಡು ಹೋದೆ. ಕೌಂಟರಿನವರು ಓದಿದರು. ಲೆಕ್ಕ ಸರಿಯಾಗಿದೆ ಅಂತಲೂ ಒಪ್ಪಿದರು. "ಆದರೆ ಮೇಡಂ, ಸಿಸ್ಟಮ್ ತಗೊಳ್ಳಲ್ಲ." ಮುಗಿಯಿತು. ಈ ಸಿಸ್ಟಮ್ ಅನ್ನುವವನನ್ನು ಒಂದು ಸಲ ನೋಡಬೇಕು ನಾನು. ಅವನಿಗೆ ಮುಖ ಇಲ್ಲ, ಕುರ್ಚಿ ಇಲ್ಲ, ಊಟಕ್ಕೆ ಏಳುವುದಿಲ್ಲ, ಆದರೆ ಎಲ್ಲ ಕಚೇರಿಯಲ್ಲೂ ಎಲ್ಲರಿಗಿಂತ ದೊಡ್ಡ ಸಾಹೇಬ ಅವನೇ. ಅರ್ಜಿ ಕೊಟ್ಟು ಬಂದಿದ್ದೇನೆ. ಮೂರು ತಿಂಗಳಿಗೆ ಹಂಚಿ ಮತ್ತೆ ಬಿಲ್ ಮಾಡಿ ಅಂತ. ಸ್ವೀಕೃತಿ ಮುದ್ರೆ ಹಾಕಿಸದೆ ಮಾತ್ರ ಅಲ್ಲಿಂದ ಕದಲಲಿಲ್ಲ.

ಅಂದಾಜು ಉಲ್ಟಾ ಹೊಡೆದರೂ ನಷ್ಟ ನಮಗೇ. ಜಾಸ್ತಿ ಬರೆದರೆ ನಮ್ಮ ಹಣ ಅವರ ಹತ್ತಿರ ಬಡ್ಡಿ ಇಲ್ಲದೆ ಕೂತಿರುತ್ತದೆ, ಮುಂದಿನ ಬಿಲ್ಲಿನಲ್ಲಿ ವಜಾ ಮಾಡಿದರೆ ನಮ್ಮ ಪುಣ್ಯ.

ಅವತ್ತಿನಿಂದ ಪ್ರತಿ ತಿಂಗಳ ಅದೇ ತಾರೀಕಿಗೆ ಮೀಟರಿನ ಫೋಟೋ ತೆಗೆದಿಡುತ್ತಿದ್ದೇನೆ. ನೀರಿನ ಮೀಟರಿನದೂ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಸಲ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಒಂದು ಸಲ ಓದಿದೆ. ಮುಳ್ಳು ಕದಲಿತ್ತು! ಶೌಚಾಲಯದ ಟ್ಯಾಂಕು ಸದ್ದಿಲ್ಲದೆ ಸೋರುತ್ತಿತ್ತು. ಹೀಗೇ ಟಿವಿ, ಅದರ ಡಬ್ಬಿ, ಚಾರ್ಜರು ಅಂತ ಆಫ್ ಮಾಡಿದ್ದೇವೆ ಅಂದುಕೊಂಡ ವಸ್ತುಗಳೆಲ್ಲ ಸೇರಿ 10 ವ್ಯಾಟ್ ಎಳೆಯುತ್ತಿದ್ದರೂ, ವರ್ಷದ 8,760 ಗಂಟೆಗೆ ಹತ್ತಿರ ಹತ್ತಿರ 88 ಯೂನಿಟ್. ಹೆಚ್ಚುಕಡಿಮೆ ನಮ್ಮ ಮನೆಯ ಒಂದು ತಿಂಗಳ ಕರೆಂಟು, ಏನೂ ಮಾಡದೆ! ಇದನ್ನು ಊಟದ ಹೊತ್ತಿಗೆ ಹೇಳಿದೆ. ಮಗಳು, "ಅಮ್ಮಾ, ನೀನು ಮನೆಯನ್ನು ಬ್ಯಾಂಕ್ ಮಾಡಿಬಿಟ್ಟಿದ್ದೀಯ" ಅಂದಳು. ಇವರು ನಕ್ಕರು. ನನಗೆ ನಗು ಬರಲಿಲ್ಲ.

ಇಂಟರ್ನೆಟ್ ಬಿಲ್ಲಿನ ಬಗ್ಗೆ ಹೆಚ್ಚು ಹೇಳಲ್ಲ. 12 ತಿಂಗಳು ಮುಗಿದ ಮರುದಿನ ದರ ಏರಿತು. ಬಿಟ್ಟುಹೋಗುತ್ತೇನೆ ಅಂತ ಹೆದರಿಸಿದ ಮೇಲೆ ಇಳಿಯಿತು. ಹೊಸಬರಿಗೆ ರಿಯಾಯಿತಿ, ಹಳಬರಿಗೆ ಬರೆ. ಒಂದು ವಿಡಿಯೋ ಸೇವೆಯನ್ನು ಉಚಿತ ಅಂತ ಹಾಕಿಸಿಕೊಂಡದ್ದು ಮಗಳು. ಸೇರಲು ಒಂದು ಒತ್ತು ಸಾಕಾಗಿತ್ತು. ಬಿಡಲು ಏಳು ಪುಟ ದಾಟಬೇಕಾಯಿತು, ಪ್ರತಿ ಪುಟದಲ್ಲೂ "ನಿಜವಾಗಿ ಹೋಗುತ್ತೀರಾ?" ಅಂತ ಗೋಗರೆತ.

ನನಗೆ ಸಿಟ್ಟು ತರಿಸುವುದು ಇದು ಯಾವುದೂ ಅಕಸ್ಮಾತ್ ಅಲ್ಲ ಅನ್ನುವುದು. ಇದಕ್ಕೆಲ್ಲ ಹೆಸರಿದೆ! ಗಿಫ್ಟ್ ಕಾರ್ಡು, ಪಾಯಿಂಟು ಕೊಟ್ಟು, ಅದರಲ್ಲಿ ಜನ ಬಳಸದೇ ಮರೆತುಬಿಡುವ ಭಾಗಕ್ಕೆ ವ್ಯಾಪಾರದವರು ಬ್ರೇಕೇಜ್ ಅನ್ನುತ್ತಾರೆ. ಎಷ್ಟು ಜನ ಮರೆಯುತ್ತಾರೆ ಅನ್ನುವುದನ್ನು ಮೊದಲೇ ಅಂದಾಜು ಮಾಡಿ ಲೆಕ್ಕದ ಪುಸ್ತಕಕ್ಕೆ ಏರಿಸುತ್ತಾರೆ. ನಮ್ಮ ಮರೆವು ಅವರ ಆದಾಯ. ಮನುಷ್ಯರು ಹಣದ ವಿಷಯದಲ್ಲಿ ಹೇಗೆ ಎಡವುತ್ತಾರೆ ಅನ್ನುವುದನ್ನು ಅಭ್ಯಾಸ ಮಾಡಿ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್, ಹೀಗೆ ಬೇಕಂತಲೇ ದಾರಿಗೆ ಸುರಿಯುವ ತೊಡಕನ್ನು ಸ್ಲಡ್ಜ್ ಅಂತ ಕರೆದರು. ರಾಡಿ ಅಂತ. ಸರಿಯಾದ ಮಾತು. ಮೂರು ತಿಂಗಳಿಂದ ನಾನು ಮೊಣಕಾಲುದ್ದ ರಾಡಿಯಲ್ಲಿ ನಡೆಯುತ್ತಿದ್ದೇನೆ.

ಮನೆಯಲ್ಲಿ ಇದನ್ನು ಹೇಳಿದರೆ ಇವರ ಉತ್ತರ ಒಂದೇ. "ಹೋಗಲಿ ಬಿಡು, ಇಷ್ಟು ಚಿಲ್ಲರೆಗೆ ಯಾಕೆ ತಲೆ ಕೆಡಿಸಿಕೊಳ್ತೀಯ?" ಚಿಲ್ಲರೆಯಂತೆ! ನಿನ್ನೆ ಕೂತು ಅದರ ಲೆಕ್ಕವನ್ನೂ ಹಾಕಿದೆ. ಫೋನು, ಕಚೇರಿ, ಷರತ್ತು ಓದಿದ್ದು, ಬಿಲ್ ದಾಟಿಸಿದ್ದು, ಮೀಟರ್ ನೋಡಿದ್ದು ಎಲ್ಲ ಸೇರಿ ಮೂರು ತಿಂಗಳಲ್ಲಿ 26 ಗಂಟೆ. ಮೂರು ದಿನದ ಕೆಲಸಕ್ಕಿಂತ ಜಾಸ್ತಿ. ಬೋನಸ್ ಬಂದಿದ್ದರೂ ಗಂಟೆ ಲೆಕ್ಕದಲ್ಲಿ ಹಂಚಿದರೆ ಯಾವ ಕೂಲಿಯವರೂ ಒಪ್ಪುವ ಮೊತ್ತವಲ್ಲ. ಬರದೇ ಇದ್ದದ್ದರಿಂದ, ಮೂರು ದಂಡವನ್ನೂ ಕಳೆದರೆ, ಕೆಲಸ ಮಾಡಿದ್ದಕ್ಕೆ ನಾನೇ ಕೈಯಿಂದ ಕೊಟ್ಟಂತಾಯಿತು. ಈ 26 ಗಂಟೆ ಯಾರ ನೋಟ್‌ಬುಕ್ಕಿನಲ್ಲೂ ಇಲ್ಲ. ಹೋಗಲಿ ಬಿಡು ಅನ್ನುವವರಿಗೆ ಬಿಲ್ ತಾನಾಗೇ ಕಟ್ಟಿಕೊಳ್ಳುತ್ತದೆ ಅನ್ನಿಸಿರಬೇಕು.

ಫೋನ್ ಬಿಲ್ಲನ್ನು ಕಾರ್ಡಿನಿಂದ ಬಿಡಿಸಿ ಖಾತೆಗೆ ಕಟ್ಟಿದ್ದೇನೆ, ಬೋನಸ್ ಹೋದ ಮೇಲೆ. ದೂರನ್ನು ಬರಹದಲ್ಲೇ ಕೊಟ್ಟಿದ್ದೇನೆ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರಲ್ಲ. ದೂರಿನ ನಂಬರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟೆ.

ಇಷ್ಟು ಬರೆಯುವಷ್ಟರಲ್ಲಿ ಇವರು ಫೋನ್ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದರು. "ನೋಡಿಲ್ಲಿ, ಇನ್ನೊಂದು ಬ್ಯಾಂಕು. ಅದಕ್ಕಿಂತ ಜಾಸ್ತಿ ಬೋನಸ್ ಅಂತೆ."

ಎರಡು ನಿಮಿಷ ಮಾತಾಡಲಿಲ್ಲ ನಾನು. ಆಮೇಲೆ ಕೇಳಿದೆ, "ಎಷ್ಟು ದಿನ? ಕಾರ್ಡಿಂದ ಹೋದ ಬಿಲ್ ಲೆಕ್ಕಕ್ಕೆ ಬರುತ್ತಾ?"