ಮಾತ್ರೆ ಸುಲಭ, ಡಾಕ್ಟರ್ ಕಷ್ಟ

ರಜೆ ಮುಗಿಸಿ ಊರಿಂದ ಲಂಡನ್ನಿಗೆ ಹೊರಡುವ ಮುಂಚೆ ನಾನು ತಪ್ಪದೆ ಮೆಡಿಕಲ್ ಶಾಪಿಗೆ ಹೋಗುತ್ತಿದ್ದೆ. ಅಮಾಕ್ಸಿಸಿಲಿನ್ ಎರಡು ಸ್ಟ್ರಿಪ್, ಅಜಿತ್ರೋಮೈಸಿನ್ ಎರಡು ಸ್ಟ್ರಿಪ್. ಚೀಟಿ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಲಂಡನ್ನಿನಲ್ಲಿ ಗಂಟಲು ನೋವು ಅಂತ ಡಾಕ್ಟರ್ ಹತ್ತಿರ ಹೋದರೆ, ಪ್ಯಾರಾಸಿಟಮಾಲ್ ತಗೊಳ್ಳಿ, ನೀರು ಕುಡಿಯಿರಿ ಅಂತ ಹೇಳಿ ಕಳಿಸುತ್ತಾರೆ. ಆ್ಯಂಟಿಬಯೋಟಿಕ್ ಕೇಳಿದ ತಕ್ಷಣ ಸಿಗುವುದಿಲ್ಲ. ಅದಕ್ಕೇ ನಮ್ಮವರ ಮನೆಗಳಲ್ಲಿ ಒಂದು ಮಾತ್ರೆ ಡಬ್ಬಿ ಇದ್ದೇ ಇರುತ್ತದೆ.

ನನ್ನ ಡಬ್ಬಿಗೆ ಒಂದು ದಿನ ಬೇರೆ ಕೈ ಹೋಯಿತು. ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ನಮ್ಮ ಕಡೆಯ ಹುಡುಗನಿಗೆ ಮೂತ್ರ ಮಾಡುವಾಗ ಉರಿ, ಜೊತೆಗೆ ಕೀವು. ಯಾರಿಗೂ ಹೇಳದೆ ಅಜಿತ್ರೋಮೈಸಿನ್ ನುಂಗಿದ. ಉರಿ ಇಳಿಯಿತು. ಮೂರು ವಾರಕ್ಕೆ ಮತ್ತೆ ಶುರುವಾಯಿತು. ಆಗ ಬಾಯಿಬಿಟ್ಟ. "ಅಣ್ಣಾ, ನಿಮಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ." ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಆ ಡಬ್ಬಿ ತುಂಬಿಸಿಟ್ಟವನು ನಾನೇ ಅಲ್ವಾ?

ಲೈಂಗಿಕ ಆರೋಗ್ಯದ ಕ್ಲಿನಿಕ್ಕಿಗೆ ಜೊತೆಗೆ ಹೋದೆ. ಮದುವೆ ಆಗಿದೆಯಾ ಅಂತ ಯಾರೂ ಕೇಳಲಿಲ್ಲ. ಮೂತ್ರ ಪರೀಕ್ಷೆ ಮಾಡಿದರು, ಗಂಟಲಿನಿಂದಲೂ ಸ್ಯಾಂಪಲ್ ತೆಗೆದರು. ಗೊನೊರಿಯಾ ಅಂತ ಬಂತು, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಯಾವ ಔಷಧಿಗೆ ಸಾಯುತ್ತದೆ ಅಂತ ನೋಡಲು ಲ್ಯಾಬಿನಲ್ಲಿ ಆ ರೋಗಾಣುವನ್ನು ಬೆಳೆಸಿದರು. ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಒಂದೇ ಒಂದು. ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ. ಅವನ ಸಂಪರ್ಕಕ್ಕೆ ಬಂದಿದ್ದವರಿಗೆ ಅವನ ಹೆಸರಿಲ್ಲದ ಒಂದು ಮೆಸೇಜ್. ದುಡ್ಡು ಇಲ್ಲ. ಈ ರೋಗಗಳಿಗೆ ಗುಟ್ಟು ಕಾಪಾಡಿ ಪುಕ್ಕಟೆ ಚಿಕಿತ್ಸೆ ಕೊಡುವ ಪದ್ಧತಿ ಇಲ್ಲಿ 1916ರಿಂದ ಇದೆ. ಮರುವರ್ಷವೇ ನಕಲಿ ವೈದ್ಯರ ಚಿಕಿತ್ಸೆಗೂ ಜಾಹೀರಾತಿಗೂ ತಡೆ ಹಾಕುವ ಕಾನೂನು ತಂದರು. ನಮ್ಮಲ್ಲಿ ಇವತ್ತಿಗೂ ಬಸ್‌ಸ್ಟ್ಯಾಂಡ್ ಗೋಡೆಗಳಲ್ಲಿ 'ಗುಪ್ತರೋಗಕ್ಕೆ ಖಚಿತ ಚಿಕಿತ್ಸೆ' ಅನ್ನುವ ಪೋಸ್ಟರ್ ಕಾಣುತ್ತದೆ. ಹೆಸರಲ್ಲೇ ಗುಪ್ತ ಅಂತ ಇಟ್ಟುಬಿಟ್ಟಿದ್ದೇವೆ.

ಗೊನೊರಿಯಾ ಸಾಮಾನ್ಯ ರೋಗಾಣುವಲ್ಲ. ಸಲ್ಫಾ, ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್, ಒಂದೊಂದನ್ನೇ ಸೋಲಿಸುತ್ತಾ ಬಂದಿದೆ. ಗಂಟಲಲ್ಲಿ ಸದ್ದಿಲ್ಲದೆ ಇರಬಲ್ಲದು. ಅಲ್ಲಿ ಅದರ ನೆಂಟರಂತಹ, ತೊಂದರೆ ಕೊಡದ ಬ್ಯಾಕ್ಟೀರಿಯಾಗಳೂ ಇರುತ್ತವೆ. ನಾವು ಶೀತಕ್ಕೆಲ್ಲ ಆ್ಯಂಟಿಬಯೋಟಿಕ್ ನುಂಗಿದರೆ ಮೊದಲು ಔಷಧಿಗೆ ಬಗ್ಗದ ಜಟ್ಟಿಯಾಗುವುದು ಅವು. ಆಮೇಲೆ ಆ ಶಕ್ತಿಯ ಜೀನ್‌ಗಳನ್ನು ಗೊನೊರಿಯಾ ಅವುಗಳಿಂದ ಪಡೆದುಕೊಳ್ಳುತ್ತದೆ. ಇದು ಗೊತ್ತಾದ ಮೇಲೆ ಗಂಟಲು ನೋವಿನ ಮಾತ್ರೆಯನ್ನು ನಾನು ಬೇರೆ ಕಣ್ಣಿಂದ ನೋಡುತ್ತೇನೆ. 2018ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬರಿಗೆ ಸೆಫ್ಟ್ರಿಯಾಕ್ಸೋನೂ ಅಜಿತ್ರೋಮೈಸಿನ್ನೂ ನಾಟಲಿಲ್ಲ. ಸೋಂಕು ತಗುಲಿದ್ದು ಆಗ್ನೇಯ ಏಷ್ಯಾದಲ್ಲಿ. ಕೊನೆಗೆ ಎರ್ಟಪೆನಮ್ ಅನ್ನುವ ಔಷಧಿಯನ್ನು ನರಕ್ಕೆ ಕೊಟ್ಟು ವಾಸಿ ಮಾಡಿದರು.

ಇಲ್ಲಿ ಎಲ್ಲ ಸರಿಯಿದೆ ಅಂತ ಹೇಳುತ್ತಿಲ್ಲ. 2023ರಲ್ಲಿ ಇಂಗ್ಲೆಂಡಿನಲ್ಲಿ 85,223 ಗೊನೊರಿಯಾ ಪ್ರಕರಣ ಪತ್ತೆಯಾದವು. 1918ರಲ್ಲಿ ಲೆಕ್ಕ ಶುರುವಾದಾಗಿನಿಂದ ಅಷ್ಟು ಜಾಸ್ತಿ ಯಾವತ್ತೂ ಇರಲಿಲ್ಲ. ಆದರೆ ಲೆಕ್ಕ ಇದ್ದದ್ದರಿಂದ ಎಚ್ಚೆತ್ತರು. ಅಪಾಯ ಹೆಚ್ಚಿರುವವರಿಗೆ 2025ರ ಆಗಸ್ಟ್‌ನಿಂದ ಲಸಿಕೆ ಕೊಡುತ್ತಿದ್ದಾರೆ. ಪೂರ್ತಿ ರಕ್ಷಣೆ ಸಿಗದಿದ್ದರೂ ಅಪಾಯ ಸ್ವಲ್ಪವಾದರೂ ತಗ್ಗುತ್ತದೆ.

ನಮ್ಮಲ್ಲೂ ನಿಯಮ ಇದೆ. 2014ರಿಂದ ಎಚ್1 ಅನ್ನುವ, ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯಿಂದ ಏನಾದರೂ ಮಾರಿದರೆ ಡಾಕ್ಟರ್ ಹೆಸರು, ರೋಗಿಯ ಹೆಸರು ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಸೆಫಿಕ್ಸಿಮ್ ಅನ್ನುವ ಆ್ಯಂಟಿಬಯೋಟಿಕ್ ಆ ಪಟ್ಟಿಯಲ್ಲಿದೆ. ಅದನ್ನು ಬಿಗಿ ಮಾಡಲೇಬೇಕು. ಆದರೆ ಬರೀ ಅಷ್ಟು ಮಾಡಿದರೆ ಹುಡುಗರು ಎಲ್ಲಿಗೆ ಹೋಗಬೇಕು? ಪ್ರಶ್ನೆ ಕೇಳದೆ ಔಷಧಿ ಕೊಡುವವರು ಅವರಿಗೆ ಸದ್ಯಕ್ಕೆ ಮೆಡಿಕಲ್ ಶಾಪಿನವರೊಬ್ಬರೇ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೇ ಅಂತ ಸುರಕ್ಷಾ ಕ್ಲಿನಿಕ್ ಇದೆ, ಪುಕ್ಕಟೆ. ಬೆಂಗಳೂರಲ್ಲಿ ಓದುತ್ತಿರುವ ಅಕ್ಕನ ಮಗನನ್ನು ಕೇಳಿದೆ. "ಹೆಸರೇ ಕೇಳಿಲ್ಲ ಮಾಮ" ಅಂದ.

ಆ ಬಸ್‌ಸ್ಟ್ಯಾಂಡ್ ಗೋಡೆಯ ಪೋಸ್ಟರ್ ಕಿತ್ತು ಅದೇ ಜಾಗದಲ್ಲಿ ಸುರಕ್ಷಾ ಕ್ಲಿನಿಕ್ಕಿನ ವಿಷಯ ದೊಡ್ಡದಾಗಿ ಬರೆಸಿ. ಯಾವ ಆಸ್ಪತ್ರೆ, ಎಷ್ಟನೇ ಕೋಣೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. ಮೆಡಿಕಲ್ ಶಾಪಿನ ಕೌಂಟರ್ ಮೇಲೂ ಒಂದು ಅಂಟಿಸಿ.